ನೀಲಿ ಗೆರೆಯ ಬಟ್ಟಲು

ವಿಮಲಾ ಇವತ್ತಿಗೂ ಕಾಫಿ ಕುಡಿಯುವಾಗ ಸದ್ದು ಮಾಡುತ್ತಾಳೆ. ಪದ್ಮನಾಭನಗರದ ಮನೆಯ ವರಾಂಡದಲ್ಲಿ ಕೂತು ಮೊದಲ ಗುಟುಕನ್ನು ಸುರ್ರೆಂದು ಎಳೆದುಕೊಂಡರೆ ಒಳಗೆ ಮೊಮ್ಮಕ್ಕಳು ಕಿಸಕ್ಕೆಂದು ನಗುತ್ತವೆ. ನೆಂಟರು ಬಂದ ದಿನ ಸೊಸೆಗೆ ಮುಜುಗರ. ಆದರೆ ಆ ಸದ್ದು ಬಿಡು ಎಂದರೆ ಬಿಡುವಂಥದ್ದಲ್ಲ. ಅದನ್ನು ಅವಳು ಕಷ್ಟಪಟ್ಟು ಕಲಿತದ್ದು, ಸಂಬಳ ತೆಗೆದುಕೊಂಡು ಕಲಿತದ್ದು.

ಅದು ಅರವತ್ತಮೂರನೇ ಇಸವಿ. ಆಗ ಜಯನಗರ ಅರ್ಧ ಊರು, ಅರ್ಧ ಹೊಲ. ರಸ್ತೆಗಳು ಬಂದಿದ್ದವು, ಮನೆಗಳು ಇನ್ನೂ ಬರುತ್ತಿದ್ದವು. ದಾರಿಯ ಎರಡು ಬದಿಗೂ ಇಟ್ಟಿಗೆಯ ಗೂಡುಗಳೊಳಗಿಂದ ಹೊಂಗೆಯ ಸಸಿಗಳು ಆಗಷ್ಟೇ ತಲೆ ಹೊರಗೆ ಹಾಕಿದ್ದವು. ನಾಲ್ಕನೇ ಬ್ಲಾಕಿನ ಆಚೆ ರಾಗಿ ಪೈರು, ಯಡಿಯೂರು ಕೆರೆ ಏರಿಯ ಮೇಲೆ ದನಗಳು. ಮಾರ್ಕೆಟ್ಟಿನಿಂದ ಬರುವ ಬಸ್ಸು ಸೌತ್ ಎಂಡ್ ಸರ್ಕಲ್ ದಾಟಿ ಸ್ವಲ್ಪ ದೂರ ಬರುತ್ತಿದ್ದಂತೆ ಕಂಡಕ್ಟರು ಮೂಗನ್ನು ಗಾಳಿಗೆ ಒಡ್ಡಿ, "ಕಾಫಿ ಸ್ಟಾಪು ಯಾರ್ರೀ ಇಳಿಯೋರು?" ಎಂದು ಕೂಗುತ್ತಿದ್ದ. ಆ ಹೆಸರಿನ ಸ್ಟಾಪು ಯಾವ ಬೋರ್ಡಿನಲ್ಲೂ ಇರಲಿಲ್ಲ. ಜಯದೇವಪ್ಪನವರ ಕಾಫಿ ವರ್ಕ್ಸಿನಲ್ಲಿ ಬೀಜ ಹುರಿಯುವ ಸಿಲಿಂಡರು ತಿರುಗತೊಡಗಿತೆಂದರೆ, ಇಳಿಯಬೇಕಾದ ಜಾಗ ಕಣ್ಣು ಮುಚ್ಚಿಕೊಂಡವರಿಗೂ ಗೊತ್ತಾಗುತ್ತಿತ್ತು.

ವಿಮಲಾ ಬಸ್ಸಿನಲ್ಲಿ ಬರುತ್ತಿರಲಿಲ್ಲ. ಅವಳ ಮನೆ ಯಡಿಯೂರು ಕೆರೆಯ ಆಚೆ ಬದಿಗೆ, ನಡೆದೇ ಬರುವಷ್ಟು ಹತ್ತಿರ. ಅವಳ ಅಪ್ಪ ಬೋರಣ್ಣ ಈ ರಸ್ತೆಗಳಿಗೇ ಜಲ್ಲಿ ಒಡೆದವನು. "ಈ ರೋಡ್ನಾಗೆ ನನ್ ಬೆವರು ಐತೆ ಕಣ್ ಮಗ, ಧೈರ್ಯವಾಗಿ ನಡಿ" ಎಂದು ತಮಾಷೆ ಮಾಡುತ್ತಿದ್ದ. ಮಗಳು ಸ್ಕಾಲರ್‌ಶಿಪ್ಪಿನಲ್ಲಿ ಕೆಮಿಸ್ಟ್ರಿ ಓದಿ ಬಿ.ಎಸ್ಸಿ. ಮಾಡಿದ್ದಳು. ಆ ಕೇರಿಯಲ್ಲಿ ಅಲ್ಲಿಯವರೆಗೆ ಹೆಣ್ಣುಮಕ್ಕಳಿರಲಿ, ಗಂಡುಮಕ್ಕಳಲ್ಲೂ ಯಾರೂ ಅಷ್ಟು ಓದಿರಲಿಲ್ಲ.

ಇಂಟರ್‌ವ್ಯೂ ಮಾಡಿದವರು ಜಯದೇವಪ್ಪನವರೇ. ಬಿಳಿ ಪಂಚೆ, ಕರಿ ಕೋಟು, ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ಹಿಡಿ ಹಸಿ ಕಾಫಿ ಬೀಜ. ಮಾತಾಡುವಾಗ ಅದನ್ನು ಜಪಮಣಿಯಂತೆ ಬೆರಳಲ್ಲಿ ತಿರುವುತ್ತಿರುತ್ತಿದ್ದರು.

"ಮನೆ ಎಲ್ಲಮ್ಮ?"

"ಯಡಿಯೂರು ಸಾರ್."

"ಯಡಿಯೂರಲ್ಲಿ ಎಲ್ಲಿ?"

"ಕೆರೆ ಆಚೆ."

ಬೀಜ ತಿರುವುವ ಬೆರಳು ಒಂದು ಕ್ಷಣ ನಿಂತಿತು. ಕೆರೆ ಆಚೆ ಎಂದರೆ ಯಾವ ಕೇರಿ ಎಂಬುದು ಆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಜಯದೇವಪ್ಪ ವ್ಯಾಪಾರಸ್ಥರು, ಮಾಲು ನೋಡದೆ ಬೇಡ ಅನ್ನುವವರಲ್ಲ. ಮೂರು ಬಟ್ಟಲು ಕಾಫಿ ತರಿಸಿ ಮುಂದಿಟ್ಟರು. ಎರಡು ಒಂದೇ, ಒಂದು ಬೇರೆ. ಬೇರೆ ಯಾವುದು ಹೇಳು ಎಂದರು. ವಿಮಲಾ ಹೇಳಿದಳು. ಬಟ್ಟಲುಗಳನ್ನು ಅದಲುಬದಲು ಮಾಡಿ ಮತ್ತೆ ಕೇಳಿದರು. ಅವಳು ಮತ್ತೆ ಹೇಳಿದಳು.

"ನಾಲಿಗೆ ಇದೆ ಕಣ್ರೀ ಅಯ್ಯನವರೇ" ಎಂದು ಪಕ್ಕದಲ್ಲಿ ಕೂತಿದ್ದವರ ಕಡೆ ತಿರುಗಿದರು. "ಆರು ತಿಂಗಳು ನೋಡೋಣ. ಆಮೇಲೆ ಇವಳನ್ನ ಕಾಯಂ ಮಾಡೋದು ಬಿಡೋದು ನಿಮ್ಮ ಮಾತಿನ ಮೇಲೆ."

ಅಯ್ಯನವರು ಎಂದರೆ ಚನ್ನಬಸವಯ್ಯ, ಅಲ್ಲಿನ ಹಿರಿಯ ರುಚಿಗಾರರು. ಹಣೆಯ ಮೇಲೆ ಮೂರೆಳೆ ವಿಭೂತಿ, ಇಸ್ತ್ರಿ ಮುರಿಯದ ಅಂಗಿ, ಕಾಫಿಯ ಹೊಗೆಯಲ್ಲೇ ಹಣ್ಣಾದ ಮೀಸೆ. ಹರಾಜಿಗೆ ಬರುವ ಕಾಫಿಯ ಸ್ಯಾಂಪಲ್ಲುಗಳನ್ನು ಮೊದಲು ಅವರ ನಾಲಿಗೆ ನೋಡಬೇಕು. ಅವರು ಹೂಂ ಎಂದರೆ ಯಜಮಾನರು ಹರಾಜು ಕೂಗುತ್ತಾರೆ, ಊಹೂಂ ಎಂದರೆ ಬಿಡುತ್ತಾರೆ. ಅವರು ಅವತ್ತು ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ.

ಮೊದಲ ಕೆಲವು ವಾರ ವಿಮಲಾಳಿಗೆ ಹಿಂದಿನ ಕೋಣೆಯ ಕೆಲಸ. ಬೀಜದಲ್ಲಿ ತೇವ ಎಷ್ಟಿದೆ, ಪುಡಿಯಲ್ಲಿ ಚಿಕೋರಿ ಎಷ್ಟಿದೆ ಎಂದು ನೋಡುವುದು. ಬಿಡುವಾದಾಗ ರುಚಿ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಡುವೆ ಒಂದು ದುಂಡು ಮೇಜು, ಬೆರಳು ತಾಗಿಸಿದರೆ ತಿರುಗುವಂಥದ್ದು. ಅದರ ಅಂಚಿನ ಸುತ್ತ ಬಿಳಿ ಪಿಂಗಾಣಿ ಬಟ್ಟಲುಗಳು. ರುಚಿಗಾರರು ಕೂತಲ್ಲೇ ಕೂತಿರುತ್ತಾರೆ. ಮೇಜು ತಿರುಗುತ್ತದೆ, ಬಟ್ಟಲೇ ಎದುರಿಗೆ ಬರುತ್ತದೆ. ಒಂದು ಚಮಚ ತೆಗೆದು ಗಾಳಿಯ ಜೊತೆ ಸುರ್ರೆಂದು ಬಾಯೊಳಕ್ಕೆ ಎಳೆದು, ಬಾಯೆಲ್ಲ ಆಡಿಸಿ, ಕಾಲ ಬಳಿಯ ಡಬ್ಬಕ್ಕೆ ಉಗಿಯಬೇಕು. ಚಮಚವನ್ನು ಬಿಸಿನೀರಿಗೆ ಅದ್ದಿ ಮುಂದಿನ ಬಟ್ಟಲಿಗೆ.

ಒಂದೊಂದು ಸ್ಯಾಂಪಲ್ಲಿಗೂ ಐದು ಬಟ್ಟಲು. ಐದಕ್ಕೂ ಬೇರೆ ಬೇರೆ ಹಿಡಿ ಬೀಜ ತೆಗೆದು, ಬೇರೆ ಬೇರೆಯಾಗಿ ಪುಡಿ ಮಾಡಬೇಕು. ಅದು ಚನ್ನಬಸವಯ್ಯನವರೇ ಹಾಕಿದ ನೇಮ.

"ಯಾಕೆ ಹೇಳು?" ಎಂದು ಅವರು ಒಂದು ದಿನ ಬಾಗಿಲಲ್ಲಿ ನಿಂತವಳನ್ನು ಕೇಳಿದರು.

"ಕೆಟ್ಟ ಬೀಜ ಎಲ್ಲಾ ಹಿಡಿಯಲ್ಲೂ ಇರೋಲ್ಲ ಸಾರ್. ಒಂದರಲ್ಲಿ ತಪ್ಪಿಸಿಕೊಂಡರೆ ಇನ್ನೊಂದರಲ್ಲಿ ಸಿಕ್ಕುತ್ತೆ."

"ಹೂಂ. ಐದರಲ್ಲಿ ಒಂದು ಕೆಟ್ಟರೂ ಆ ಮಾಲು ಕೆಟ್ಟಹಾಗೆ. ಅದಕ್ಕೇ ಎಲ್ಲರೂ ಐದನ್ನೂ ನೋಡ್ಬೇಕು. ಇನ್ನೊಂದು ನೆನಪಿಟ್ಕೋ. ಚೀಟಿ ಬಟ್ಟಲ ಅಡಿಗಿರುತ್ತೆ. ಯಾವ ತೋಟ, ಯಾವ ಸಾಹುಕಾರ, ನಮಗೆ ಬೇಕಾಗಿಲ್ಲ. ಹೆಸರು ನೋಡಿದ ಕಣ್ಣು ನಾಲಿಗೆಗೆ ಸುಳ್ಳು ಹೇಳಿಕೊಡುತ್ತೆ."

ಆ ಮಾತು ವಿಮಲಾಳಿಗೆ ತುಂಬ ಹಿಡಿಸಿತು. ಕಾಲೇಜಿನ ಲ್ಯಾಬಿನಲ್ಲಿ ಕಲಿತದ್ದೂ ಅದೇ: ನೋಡುವವನ ಇಷ್ಟಾನಿಷ್ಟ ನೋಡುವುದರೊಳಕ್ಕೆ ನುಸುಳಬಾರದು. ಅವರ ಬಗ್ಗೆ ಅವಳಿಗೆ ಗೌರವ ಹುಟ್ಟಿತು. ಅವರ ಉಳಿದ ನೇಮಗಳನ್ನೂ ಒಪ್ಪಿಕೊಂಡಳು. ತಲೆಗೆ ವಾಸನೆಯ ಎಣ್ಣೆ ಕೂಡದು, ಪೌಡರು ಕೂಡದು, ಬೆಳಿಗ್ಗೆ ಈರುಳ್ಳಿ ಬೆಳ್ಳುಳ್ಳಿ ಕೂಡದು, ಹೂವು ಕೂಡದು. ಕೆಲಸ ಮುಗಿದ ಮೇಲೆ ಮುಡಿಯಲೆಂದು ಅವಳು ಮಲ್ಲಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹೊರಗಿನ ಪಂಪಿನ ಕಟ್ಟೆಯ ಮೇಲಿಡುತ್ತಿದ್ದಳು.

ಮೇಜಿಗೆ ಬಾ ಎಂದು ಕರೆದ ದಿನ ಚಮಚ ಹಿಡಿದು ಒಳಗೆ ಹೋದಳು. ದುಂಡು ಮೇಜಿನ ಸುತ್ತ ಎರಡೇ ಸ್ಟೂಲು. ಒಂದರಲ್ಲಿ ಚನ್ನಬಸವಯ್ಯ, ಇನ್ನೊಂದರಲ್ಲಿ ಎರಡನೇ ರುಚಿಗಾರ ತಿರುಮಲೇಶ. ಅವನು ಅವಳಿಗಿಂತ ನಾಲ್ಕಾರು ವರ್ಷ ದೊಡ್ಡವನು, ಬಾಯಿಬಡುಕ. ಮೂರನೇ ಸ್ಟೂಲು ಕಿಟಕಿಯ ಬಳಿ ಇತ್ತು. ಅದರ ಪಕ್ಕದ ಗೂಡಿನಲ್ಲಿ ಒಂದು ಬಟ್ಟಲು. ಅದೂ ಪಿಂಗಾಣಿಯೇ, ಅದೇ ಅಳತೆಯೇ, ಕಂಠದ ಸುತ್ತ ಮಾತ್ರ ನೀಲಿ ಗೆರೆ.

"ಊರಲ್ಲಿ ಶೀತಜ್ವರ ಎದ್ದಿದೆಯಂತೆ" ಎಂದರು ಚನ್ನಬಸವಯ್ಯ, ಬಟ್ಟಲಿನಿಂದ ಕಣ್ಣೆತ್ತದೆ. "ಹೊಸಬರಿಗೆ ಸ್ವಲ್ಪ ದಿನ ಬೇರೆ ಬಟ್ಟಲು ಒಳ್ಳೇದು."

ಐದು ಬಟ್ಟಲು ನಾಲ್ಕು ಮತ್ತು ಒಂದು ಆಯಿತು. ನಾಲ್ಕು ಮೇಜಿನ ಮೇಲೆ ತಿರುಗಿದವು, ಒಂದು ಕಿಟಕಿಯ ಗೂಡಿನಲ್ಲಿ ನಿಂತಿತು. ವಿಮಲಾ ಚಮಚ ಅದ್ದಿ ಸದ್ದಾಗದಂತೆ ಹೀರಿದಳು.

"ಅದೇನಮ್ಮ, ಗಂಡಿನ ಕಡೆಯವರ ಮುಂದೆ ಕೂತಹಾಗೆ ಕುಡೀತಿದ್ದೀಯ?" ಎಂದು ಚನ್ನಬಸವಯ್ಯ ಗದರಿದರು. "ಸದ್ದು ಬರ್ಬೇಕು. ಗಾಳಿ ಸೇರಿದ್ರೇನೇ ಕಾಫಿ ಮೂಗಿಗೆ ಹತ್ತೋದು. ಎಳಿ, ಜೋರಾಗಿ!"

ತಿರುಮಲೇಶ ನಕ್ಕ. "ಎಮ್ಮೆ ಕೆರೇಲಿ ನೀರು ಕುಡಿಯುತ್ತಲ್ಲ, ಹಾಗೆ ರೀ. ನಾಚ್ಕೋಬೇಡಿ. ಇಲ್ಲಿ ಎಲ್ಲರೂ ಎಮ್ಮೆಗಳೇ."

ಅವಳೂ ನಕ್ಕಳು. ಎಳೆದಳು. ಅದೇ ವಿಚಿತ್ರ: ಅದೇ ಮನುಷ್ಯ ಅದೇ ಗಳಿಗೆಯಲ್ಲಿ ತಮ್ಮ ವಿದ್ಯೆಯನ್ನು ಮನಸಾರೆ ಕಲಿಸುತ್ತಲೂ ಇದ್ದರು, ಬಟ್ಟಲನ್ನು ಬೇರೆ ಇಡುತ್ತಲೂ ಇದ್ದರು.

ಶೀತಜ್ವರ ಹೋಯಿತು, ಬಟ್ಟಲು ಹೋಗಲಿಲ್ಲ. ಪಾತ್ರೆ ತೊಳೆಯುವ ಸೊಣ್ಣಮ್ಮ ಬಿಳಿ ಬಟ್ಟಲುಗಳನ್ನು ಬಿಸಿಲಿನ ಹಲಗೆಯ ಮೇಲೆ ಬೋರಲು ಹಾಕುತ್ತಿದ್ದಳು, ನೀಲಿ ಗೆರೆಯದನ್ನು ಪಂಪಿನ ಕಟ್ಟೆಯ ಮೇಲೆ, ಮಲ್ಲಿಗೆಯ ಪೊಟ್ಟಣದ ಪಕ್ಕ. ಆಕೆ ಹಳೇ ಯಡಿಯೂರಿನ ಒಕ್ಕಲು ಮನೆಯವಳು. ಹೊಲ ಲೇಔಟಿಗೆ ಹೋದ ಮೇಲೆ ಇಲ್ಲಿ ಸೇರಿದ್ದಳು.

"ನಂಗೇನವ್ವ, ಹೇಳ್ದಂಗೆ ತೊಳೀತೀನಿ" ಎಂದಳು ಒಮ್ಮೆ, ಯಾರೂ ಕೇಳದಿದ್ದರೂ. "ಬೂದೀನೂ ಅದೇಯಾ, ನೀರೂ ಅದೇಯಾ. ಒಣಗಾಕೋ ಜಾಗ ಒಂದು ಬ್ಯಾರೆ."

ಮನೆಯಲ್ಲಿ ಬೋರಣ್ಣನಿಗೆ ಮಗಳ ಕೆಲಸದ ಕತೆ ಎಷ್ಟು ಕೇಳಿದರೂ ಸಾಲದು. ಅವನ ವಯಸ್ಸಿನ ಕಾಲದಲ್ಲಿ ಬಸವನಗುಡಿಯ ಹೋಟೆಲೊಂದರ ಹಿತ್ತಿಲಿಗೆ ಹೋಗಿ, ಸೂರಿಗೆ ಸಿಕ್ಕಿಸಿಟ್ಟ ತೆಂಗಿನ ಚಿಪ್ಪನ್ನು ತಾನೇ ತೆಗೆದುಕೊಂಡು ಹಿಡಿದರೆ ಮೇಲಿನಿಂದ ಕಾಫಿ ಹೊಯ್ಯುತ್ತಿದ್ದರು. ಕುಡಿದು, ತೊಳೆದು, ಮತ್ತೆ ಅಲ್ಲೇ ಸಿಕ್ಕಿಸಬೇಕು. ಆ ಕಾಫಿಯ ರುಚಿ ಮಾತ್ರ ಅಮೃತ ಎನ್ನುತ್ತಿದ್ದ.

"ನಿಂಗೂ ಎಲ್ರಂಗೇ ಬಟ್ಲು ಕೊಡ್ತಾರಾ ಮಗ?"

"ಹೂಂ ಅಪ್ಪ. ಪಿಂಗಾಣೀದು."

"ಪಿಂಗಾಣೀದು!" ಬೋರಣ್ಣ ಬೀಡಿಯನ್ನು ಮರೆತು ಕೂತ. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಬಾಯಿ ಬಿಟ್ಟು ಕೇಳಬಹುದಿತ್ತು. ಆದರೆ ಕಾಯಂ ಆಗುವುದು ಚನ್ನಬಸವಯ್ಯನವರ ಒಂದು ಮಾತಿನ ಮೇಲೆ ನಿಂತಿತ್ತು. ಈ ಕೆಲಸ ಹೋದರೆ ಇನ್ನೊಂದು ಇಂಟರ್‌ವ್ಯೂ, ಇನ್ನೊಂದು "ಮನೆ ಎಲ್ಲಮ್ಮ". ಕೇರಿಯಲ್ಲಿ ಅವಳ ಹಿಂದೆಯೇ ಶಾಲೆಗೆ ಹೋಗುತ್ತಿದ್ದ ಹುಡುಗಿಯರ ತಾಯಂದಿರು, ಓದಿ ಏನಾಯ್ತು ನೋಡು ಎನ್ನುವುದನ್ನು ಅವಳು ಈಗಲೇ ಕೇಳಿಸಿಕೊಳ್ಳಬಲ್ಲವಳಾಗಿದ್ದಳು. ಆರು ತಿಂಗಳು ಕಳೆಯಲಿ ಎಂದು ಸುಮ್ಮನಿದ್ದಳು.

ಆ ಆರು ತಿಂಗಳು ಮುಗಿಯುವ ವಾರವೇ ದೀಪಾವಳಿಯ ಮುಂಚಿನ ದೊಡ್ಡ ಹರಾಜು ಬಂತು. ಹಬ್ಬದ ವ್ಯಾಪಾರಕ್ಕೆ ಬೇಕಾದ ಕಾಫಿಯೆಲ್ಲ ಆ ಒಂದು ದಿನದಲ್ಲಿ ಹಿಡಿಯಬೇಕು. ಒಂದು ಸ್ಯಾಂಪಲ್ಲಿನ ಮೇಲೆ ಯಜಮಾನರಿಗೆ ಬಹಳ ಆಸೆ. ಬೀಜ ನೋಡಲು ಮುತ್ತಿನಂತಿತ್ತು. ಅವತ್ತು ಬೆಳಿಗ್ಗೆ ಜಯದೇವಪ್ಪ ಕಾರನ್ನು ಗೇಟಿನ ಮುಂದೆ ನಿಲ್ಲಿಸಿ, ಡ್ರೈವರಿಗೆ ಇಳಿಯಬೇಡ ಎಂದು ಹೇಳಿ, ನೇರ ರುಚಿ ಕೋಣೆಗೆ ಬಂದು ನಿಂತರು.

ಸಣ್ಣ ಚೀಲದಲ್ಲಿ ಬಂದಿದ್ದ ಬೀಜ ಐದು ಹಿಡಿಗೆ ಸರಿಹೋಯಿತು, ಚೀಲ ಖಾಲಿ. ಸೊಣ್ಣಮ್ಮ ಕುದಿಯುವ ನೀರು ಹೊಯ್ದಳು. ನಾಲ್ಕು ಬಟ್ಟಲು ಮೇಜಿನ ಮೇಲೆ, ಒಂದು ಕಿಟಕಿಯ ಗೂಡಿನಲ್ಲಿ. ಚನ್ನಬಸವಯ್ಯ ನಾಲ್ಕನ್ನೂ ನೋಡಿ ಕಣ್ಣು ಮುಚ್ಚಿ ತಲೆದೂಗಿದರು. ತಿರುಮಲೇಶ ಮೇಜು ತಿರುಗಿಸಿ ತಾನೂ ನೋಡಿದ.

"ಫಸ್ಟ್ ಕ್ಲಾಸ್ ಸಾರ್. ಹಬ್ಬದ ದಿನ ಜನ ಸೀರೆ ಬಿಟ್ಟು ಕಾಫಿಪುಡಿಗೆ ಕ್ಯೂ ನಿಲ್ತಾರೆ."

ಕಿಟಕಿಯ ಬಳಿ ವಿಮಲಾ ಎರಡನೇ ಸಲ ಹೀರಿದಳು. ಮೊದಲ ಸಲ ಬಿಸಿಯಲ್ಲಿ ಏನೂ ತಿಳಿದಿರಲಿಲ್ಲ. ಈಗ ಕಾಫಿ ಸ್ವಲ್ಪ ಆರಿತ್ತು. ಉಗಿದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ಏನೋ ಎದ್ದಿತು. ಮಳೆಯಲ್ಲಿ ನೆನೆದು, ಮೂಲೆಯಲ್ಲಿ ಮುದುಡಿ ಬಿದ್ದು, ತಿಂಗಳಾದ ಮೇಲೆ ಬಿಚ್ಚಿದ ಗೋಣಿಚೀಲ. ಮೂರನೇ ಸಲ ಹೀರಿದಳು. ಇನ್ನೂ ಸ್ಪಷ್ಟ.

"ಇದು ಬೇಡ ಸಾರ್" ಎಂದಳು. "ಬೂಷ್ಟು ಹಿಡಿದಿದೆ."

ಜಯದೇವಪ್ಪನವರ ಬೆರಳು ನಿಂತಿತು. ಚನ್ನಬಸವಯ್ಯ ತಮ್ಮ ನಾಲ್ಕನ್ನೂ ಮತ್ತೊಮ್ಮೆ, ಒಂದೊಂದಾಗಿ, ಆತುರವಿಲ್ಲದೆ ನೋಡಿದರು.

"ಇಲ್ಲ" ಎಂದರು. "ಬೂಷ್ಟು ಇಲ್ಲ."

ತಿರುಮಲೇಶ ಎದ್ದು ಬಂದು, ಗೂಡಿನ ಬಟ್ಟಲಿನಿಂದ ಒಂದು ಮೊಳ ಮೇಲೆ ಮುಖ ನಿಲ್ಲಿಸಿ ಮೂಸಿದ. "ವಾಸನೆ ಏನೂ ಬರ್ತಿಲ್ಲ ಸಾರ್."

"ಮೂಗಿಗೆ ಗೊತ್ತಾಗಲ್ಲ. ಆರಿದ ಮೇಲೆ ನಾಲಿಗೆಗೆ ಗೊತ್ತಾಗುತ್ತೆ" ಎಂದಳು ವಿಮಲಾ.

"ನಿನ್ನೆ ಭಾನುವಾರ ಅಲ್ವಾ" ಎಂದ ತಿರುಮಲೇಶ, ಯಜಮಾನರ ಕಡೆ ಕಣ್ಣು ಮಿಟುಕಿಸಿ. "ಮನೇಲಿ ಬಾಡೂಟ ಇದ್ದಿರ್ಬೇಕು. ಆ ಖಾರ ತಿಂದ ನಾಲಿಗೇಗೆ ಇದೆಲ್ಲಿ ಹತ್ತುತ್ತೆ ಸಾರ್, ಪಾಪ."

ನಗೆಯಾಡುವ ದನಿಯೇ. ಎಮ್ಮೆಯ ತಮಾಷೆ ಮಾಡಿದ್ದ ದನಿಯೇ. ನಿನ್ನೆ ಮನೆಯಲ್ಲಿ ಅವಳಿಗೆಂದೇ ಅಪ್ಪ ಸಾರಿಗೆ ಖಾರ ಕಡಿಮೆ ಹಾಕಿಸಿದ್ದ, ನಾಲಿಗೆ ಕೆಡಬಾರದು ಎಂದು. ಅದನ್ನು ಇವರಿಗೆ ಹೇಳುವುದು ಅಪ್ಪನನ್ನು ಇಲ್ಲಿ ತಂದು ನಿಲ್ಲಿಸಿದಂತೆ. ಹೇಳಲಿಲ್ಲ.

ಜಯದೇವಪ್ಪ ಗಡಿಯಾರ ನೋಡಿಕೊಂಡರು. "ಏನಮ್ಮ, ಅಷ್ಟು ಅನುಭವ ಇರೋರು ಚೆನ್ನಾಗಿದೆ ಅಂತಾರೆ. ನೀನೊಬ್ಬಳು ಇಲ್ಲ ಅಂತೀಯ. ನಾನು ಏನಂತ ಹೋಗಲಿ?"

ಈಗ ಬಿಟ್ಟುಕೊಟ್ಟರೆ ಆಯಿತು. ಇರಬಹುದು ಸಾರ್, ನನ್ನ ನಾಲಿಗೆಯೇ ಸರಿ ಇಲ್ಲ ಎಂದರೆ ಎಲ್ಲರೂ ನಗುತ್ತಾರೆ, ಕಾರು ಹೊರಡುತ್ತದೆ, ಶನಿವಾರ ಕಾಯಂ ಆಗುತ್ತದೆ. ಆದರೆ ಆ ಮಾತು ಒಮ್ಮೆ ಬಾಯಿಂದ ಹೊರಬಿದ್ದರೆ ಆ ನಾಲಿಗೆಗೆ ಮುಂದೆ ಏನು ಬೆಲೆ? ಕಾಯಂ ಆಗಿ ಕೂತು ಏನು ಹೇಳುವುದು? ವಿಮಲಾ ನಿಂತಲ್ಲೇ ಯೋಚಿಸಿದಳು, ಲ್ಯಾಬಿನಲ್ಲಿ ಎರಡು ಉತ್ತರ ಬಂದಾಗ ಯೋಚಿಸುವಂತೆ. ಎರಡು ಕಡೆ ನೋಡಿದರು, ಎರಡು ಕಡೆಯೂ ಬೇರೆ ಉತ್ತರ ಬಂತು. ತಪ್ಪು ನೋಡಿದವರಲ್ಲಿರಬಹುದು, ಇಲ್ಲವೇ ನೋಡಿದ ವಸ್ತುವೇ ಬೇರೆ ಇರಬಹುದು. ತಿಳಿಯಲು ಒಂದೇ ದಾರಿ. ವಸ್ತು ಅದಲುಬದಲಾಗಬೇಕು.

ಅವಳು ಚಮಚವನ್ನು ಬಿಸಿನೀರಿನಲ್ಲಿ ಅದ್ದಿದಳು. ದುಂಡು ಮೇಜಿನ ಬಳಿಗೆ ಬಂದು, ಚನ್ನಬಸವಯ್ಯನವರ ಮುಂದಿದ್ದ ಬಿಳಿ ಬಟ್ಟಲಿಗೆ ಚಮಚ ಇಳಿಸಿ, ಸುರ್ರೆಂದು ಎಳೆದಳು.

"ಅಯ್ಯೋ!" ಎಂದ ತಿರುಮಲೇಶ. ಬಾಗಿಲ ಬಳಿ ಸೊಣ್ಣಮ್ಮ ಕೈಯಲ್ಲಿದ್ದ ಕೆಟಲ್ಲನ್ನು ಕೆಳಗಿಟ್ಟಳು.

ವಿಮಲಾ ಉಗಿದಳು, ಚಮಚ ಅದ್ದಿದಳು, ಎರಡನೇ ಬಟ್ಟಲು ನೋಡಿದಳು. ಮೇಜು ತಿರುಗಿಸಿ ಮೂರನೆಯದು, ನಾಲ್ಕನೆಯದು. ಯಾರೂ ತಡೆಯಲಿಲ್ಲ, ತಡೆಯಬೇಕಾದರೆ ಕೈ ಹಿಡಿಯಬೇಕಾಗುತ್ತಿತ್ತು. ಪ್ರತಿಯೊಂದಕ್ಕೂ ನಾಲಿಗೆಯ ಹಿಂಬದಿಯಲ್ಲಿ ಅವಳು ಆ ಗೋಣಿಚೀಲಕ್ಕಾಗಿ ಕಾದಳು. ಬರಲಿ ಎಂದು ಆಸೆಯಿಂದಲೇ ಕಾದಳು. ಬರಲಿಲ್ಲ.

"ನೀವು ಹೇಳಿದ್ದು ಸರಿ ಸಾರ್" ಎಂದಳು. "ಈ ನಾಲ್ಕರಲ್ಲೂ ಇಲ್ಲ. ಬಹಳ ಒಳ್ಳೆ ಕಾಫಿ."

ತಿರುಮಲೇಶ ಗೆದ್ದವನಂತೆ ಉಸಿರು ಬಿಟ್ಟ. ಚನ್ನಬಸವಯ್ಯ ಮಾತ್ರ ಅವಳನ್ನು ನೋಡಿದರು. ಆರು ತಿಂಗಳಲ್ಲಿ ಬಹುಶಃ ಅದೇ ಮೊದಲ ಸಲ, ಬಟ್ಟಲಿನಿಂದ ಕಣ್ಣೆತ್ತಿ ನೇರವಾಗಿ ನೋಡಿದ್ದು. ಈ ನಾಲ್ಕರಲ್ಲೂ ಬೂಷ್ಟು ಇದೆ ಎಂದು ಸುಳ್ಳು ಹೇಳಿದ್ದರೆ ಅವಳ ಮಾತೇ ಸುಲಭವಾಗಿ ಗೆಲ್ಲುತ್ತಿತ್ತು. ಅವಳು ಚಮಚ ಹಾಕಿದ ಆ ಬಟ್ಟಲುಗಳನ್ನು ಇನ್ನು ಯಾರೂ ಮುಟ್ಟಿ ನೋಡುತ್ತಿರಲಿಲ್ಲ. ಅದು ಅವರಿಗೆ ಹೊಳೆದದ್ದು ಅವರ ಮುಖದಲ್ಲಿ ಕಂಡಿತು.

ವಿಮಲಾ ಕಿಟಕಿಯ ಬಳಿ ಹೋಗಿ ನೀಲಿ ಗೆರೆಯ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಮೇಜಿನ ಅಂಚಿನಲ್ಲಿ, ಐದನೆಯ ಬಟ್ಟಲಿನ ಖಾಲಿ ಜಾಗದಲ್ಲಿ ಇಟ್ಟಳು. ಬೆರಳಿನಿಂದ ಮೇಜನ್ನು ತಳ್ಳಿದಳು. ಅದು ಸದ್ದಿಲ್ಲದೆ ತಿರುಗಿ ಚನ್ನಬಸವಯ್ಯನವರ ಮುಂದೆ ನಿಂತಿತು.

"ಎಲ್ಲರೂ ಐದನ್ನೂ ನೋಡ್ಬೇಕು ಅಂತ ನೀವೇ ಹೇಳಿದ್ರಿ ಸಾರ್." ಮೆಲ್ಲಗೆ ಹೇಳಿದಳು. "ನಾನು ನಿಮ್ಮ ನಾಲ್ಕನ್ನ ನೋಡಿದೆ. ನೀವು ನನ್ನದೊಂದನ್ನ ನೋಡಿ. ಇದರಲ್ಲಿ ಏನೂ ಇಲ್ಲ ಅಂದ್ರೆ ನಾಳೆಯಿಂದ ನಾನು ಬರೋಲ್ಲ."

"ಅಯ್ಯನವರೇ, ಬಿಡಿ" ಎಂದ ತಿರುಮಲೇಶ ಗಾಬರಿಯಿಂದ. "ಯಜಮಾನರಿಗೆ ಹೊತ್ತಾಯ್ತು..."

ಏನು ಹೇಳಲೂ ಜಯದೇವಪ್ಪನವರಿಗೆ ಕಷ್ಟವಿತ್ತು. ಕುಡಿಯಿರಿ ಎಂದು ತಮಗಿಂತ ಹಿರಿಯರಾದ ಅಯ್ಯನವರಿಗೆ ಹೇಳುವಂತಿಲ್ಲ. ಬೇಡ ಎಂದರೆ, ನೋಡದ ಬಟ್ಟಲೊಂದನ್ನು ಹಿಂದೆ ಬಿಟ್ಟು ಹರಾಜಿಗೆ ಹೋಗಬೇಕು. ಹೊರಗೆ ಡ್ರೈವರು ಒಂದು ಸಲ ಹಾರನ್ ಒತ್ತಿ, ತಪ್ಪು ಮಾಡಿದವನಂತೆ ಸುಮ್ಮನಾದ.

ಚನ್ನಬಸವಯ್ಯ ಬಟ್ಟಲನ್ನೇ ನೋಡುತ್ತ ಕೂತರು. ಕಾಫಿಯ ಮೇಲೆ ತೆಳ್ಳಗೆ ಕೆನೆಯಂಥದ್ದು ಕಟ್ಟಿತ್ತು, ನೀಲಿ ಗೆರೆ ಅದರ ಸುತ್ತ ದುಂಡಗೆ ನಿಂತಿತ್ತು. ಅವರ ಕೈ ಅಂಗಿಯ ಮೇಲಿಂದ ಎದೆಯ ಬಳಿಯ ಲಿಂಗವನ್ನು ಒಮ್ಮೆ ಮುಟ್ಟಿತು. ಅದು ಕ್ಷಮೆ ಕೇಳಿದ್ದೋ, ಅಪ್ಪಣೆ ಕೇಳಿದ್ದೋ, ಬರೀ ರೂಢಿಯೋ ವಿಮಲಾಳಿಗೆ ಇಂದಿಗೂ ಗೊತ್ತಿಲ್ಲ. ಆಮೇಲೆ ಚಮಚ ತೆಗೆದುಕೊಂಡು ಬಿಸಿನೀರಿಗೆ ಅದ್ದಿದರು, ಯಾವತ್ತೂ ಅದ್ದುವಂತೆ. ಬಟ್ಟಲಿಗೆ ಇಳಿಸಿದರು.

ಎಳೆದರು. ಸುರ್ರೆಂದು, ಕೋಣೆಗೆಲ್ಲ ಕೇಳುವಂತೆ.

ಬಾಯೊಳಗೆ ಆಡಿಸಿದರು. ಉಗಿದರು. ಮತ್ತೆ ಕಾದರು. ಅವರ ಹುಬ್ಬುಗಳು ನಿಧಾನವಾಗಿ ಒಂದರ ಹತ್ತಿರ ಒಂದು ಬಂದವು. ಇನ್ನೊಮ್ಮೆ ಎಳೆದರು, ಇದು ಮೊದಲಿಗಿಂತ ಜೋರಾಗಿ.

"ಬೂಷ್ಟು" ಎಂದರು. "ಕೆಲವು ಚೀಲ ನೆನೆದಿವೆ. ಮೇಲಿನ ಚೀಲದ ಬೀಜ ತೋರಿಸಿದ್ದಾರೆ, ಒಳಗಿನದು ಒಂದೆರಡು ಹಿಡಿ ಬೆರೆತುಬಂದಿದೆ. ಬೇಡ ಯಜಮಾನ್ರೇ, ಬಿಟ್ಬಿಡಿ."

"ಬಿಡೋಣ" ಎಂದರು ಜಯದೇವಪ್ಪ. ಅಷ್ಟೇ. ಬೀಜಗಳನ್ನು ಜೇಬಿಗೆ ಹಾಕಿಕೊಂಡು ಹೋದರು. ಕಾರು ಹೊರಟ ಸದ್ದು ಕೇಳಿತು.

ಯಾರೂ ಭೇಷ್ ಎನ್ನಲಿಲ್ಲ. ತಿರುಮಲೇಶ ಖಾಲಿ ಚೀಲವನ್ನು ಸುಮ್ಮಸುಮ್ಮನೆ ಮಡಿಸಿದ. ಚನ್ನಬಸವಯ್ಯ ಎದ್ದು ಹಿತ್ತಿಲಿಗೆ ಹೋಗಿ ಪಂಪು ಒತ್ತಿ ಬಾಯಿ ಮುಕ್ಕಳಿಸಿದರು. ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ಮುಕ್ಕಳಿಸಿದರು, ಉಗಿದರು, ಮತ್ತೆ ಮುಕ್ಕಳಿಸಿದರು. ಬೂಷ್ಟಿನ ರುಚಿ ಸಿಕ್ಕಿದರೆ ಎಲ್ಲರೂ ಹಾಗೇ ಮಾಡಬೇಕು. ಇಲ್ಲವಾದರೆ ಮುಂದಿನ ಬಟ್ಟಲು ಕೆಡುತ್ತದೆ. ಅವಳೂ ಮಾಡಬೇಕಿತ್ತು. ಅವರು ತೊಳೆಯುತ್ತಿದ್ದದ್ದು ಬೂಷ್ಟನ್ನೋ ಅವಳನ್ನೋ ಎಂದು ಹೊರಗಿನಿಂದ ಹೇಳುವ ಯಾವ ಪರೀಕ್ಷೆಯೂ ಕೆಮಿಸ್ಟ್ರಿಯಲ್ಲಿ ಇರಲಿಲ್ಲ.

ಅವರು ಮುಗಿಸಿ ಒಳಗೆ ಬರುವಾಗ ಕಟ್ಟೆಯ ಮೇಲಿನ ಒದ್ದೆ ಬಟ್ಟೆಯ ಪೊಟ್ಟಣ ಕೆಳಗೆ ಬಿದ್ದಿತ್ತು. ಅದನ್ನೆತ್ತಿ ಮೇಲಿಟ್ಟು ಬಂದರು.

"ಮಲ್ಲಿಗೆ ಬಾಡ್ತಾ ಇದೆ" ಎಂದರು ಅವಳಿಗೆ, ಒರಟಾಗಿ. "ನೀರು ಚಿಮುಕಿಸು."

ಮಾರನೆಯ ದಿನ ಅವಳು ಬಂದಾಗ ಬಿಸಿಲಿನ ಹಲಗೆಯ ಮೇಲೆ ಬಟ್ಟಲುಗಳು ಬೋರಲಾಗಿದ್ದವು. ಬಿಳಿಯವುಗಳ ನಡುವೆ ನೀಲಿ ಗೆರೆಯದು.

"ಯಾರು ಹೇಳಿದ್ರು ಸೊಣ್ಣಮ್ಮ?"

"ಯಾರೂ ಏನೂ ಹೇಳ್ನಿಲ್ಲ ಕಣವ್ವ. ನಂಗೂ ಸಾಕಾಗಿತ್ತು, ಎರಡೆರಡು ಕಡೆ ಓಡಾಡಿ."

ರುಚಿ ಕೋಣೆಯಲ್ಲಿ ಮೂರನೇ ಸ್ಟೂಲು ಮೇಜಿನ ಬಳಿ ಬಂದಿತ್ತು. ಮೇಜು ತಿರುಗಿದಾಗ ಐದು ಬಟ್ಟಲೂ ತಿರುಗಿದವು. ತಿರುಮಲೇಶ ಕೆಲವು ದಿನ ನೀಲಿ ಗೆರೆ ಎದುರಿಗೆ ಬಂದಾಗಲೆಲ್ಲ ಕೆಮ್ಮು ತಂದುಕೊಂಡು ಅದನ್ನು ಮುಂದಕ್ಕೆ ಬಿಡುತ್ತಿದ್ದ. ಚನ್ನಬಸವಯ್ಯ ಒಂದು ದಿನ "ಎಮ್ಮೆಗೆ ಕೆಮ್ಮಾ?" ಎಂದರು. ಅವನು ನಕ್ಕು, ಕೆಂಪಗಾಗಿ, ಚಮಚ ಇಳಿಸಿದ. ಶನಿವಾರ ಅವಳ ಕೆಲಸ ಕಾಯಂ ಆಯಿತು. ಮೂವರೂ ಅದೇ ಮೇಜಿನ ಸುತ್ತ ಎಷ್ಟೋ ವರ್ಷ ಸುರ್ರೆಂದು ಹೀರಿದರು. ಆದರೆ ಚನ್ನಬಸವಯ್ಯನವರ ಮನೆಯ ಗೃಹಪ್ರವೇಶಕ್ಕೆ ಕಾರ್ಖಾನೆಯವರನ್ನೆಲ್ಲ ಕರೆದಾಗ, ವಿಮಲಾಳಿಗೆ ಅವರು ಹೇಳಿದ್ದು "ಬಿಡುವಾದ್ರೆ ಬಾಮ್ಮ" ಎಂದು. ಅವಳು ಬಿಡುವು ಮಾಡಿಕೊಳ್ಳಲಿಲ್ಲ. ಮೇಜಿನಷ್ಟು ಸುಲಭವಾಗಿ ಮನೆಗಳು ತಿರುಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಈಗ ಆ ಕಾರ್ಖಾನೆ ಇಲ್ಲ, ರಾಗಿ ಹೊಲ ಇಲ್ಲ. ಇಟ್ಟಿಗೆ ಗೂಡಿನ ಸಸಿಗಳು ಬೆಳೆದು ರಸ್ತೆಯ ಮೇಲೆ ಒಂದನ್ನೊಂದು ಮುಟ್ಟುತ್ತಿವೆ. ಆದರೆ ವರಾಂಡದಲ್ಲಿ ಕೂತು ಮೊದಲ ಗುಟುಕು ಎಳೆದಾಗಲೆಲ್ಲ ವಿಮಲಾಳಿಗೆ ನೆನಪಾಗುವುದು ಆ ಹರಾಜಿನ ದಿನದ ಸಂಜೆ. ಬಾಡಿದ ಮಲ್ಲಿಗೆ ಮುಡಿದು, ಕೆರೆ ಏರಿಯ ಮೇಲೆ ನಡೆದು ಮನೆಗೆ ಬಂದು, ಬಾಗಿಲಲ್ಲಿ ಕೂತಿದ್ದ ಅಪ್ಪನಿಗೆ ಅವಳು ಎಲ್ಲವನ್ನೂ ಹೇಳಿದ್ದಳು. ನೀಲಿ ಗೆರೆಯಿಂದ ಶುರುಮಾಡಿ, ಒಂದನ್ನೂ ಬಿಡದೆ.

ಬೋರಣ್ಣ ಕೆರೆಯ ಕಡೆಗೇ ನೋಡುತ್ತಿದ್ದ. ಆಮೇಲೆ ಕೇಳಿದ:

"ಅಯ್ನೋರು ನಿನ್ ಬಟ್ಲಿಂದ ಕುಡುದ್ರಲ್ಲ ಮಗ... ಸದ್ದು ಬಂತಾ?"

"ಬಂತು ಅಪ್ಪ."

"ಬಾಯಿಗೆ ಮುಟ್ಸಿದಂಗೆ ಮಾಡಿ ಬಿಟ್ರೋ, ಜೋರಾಗಿ ಎಳುದ್ರೋ?"

"ಜೋರಾಗೇ. ಎರಡು ಸಲ."

"ಎಲ್ಲಿ, ಎಂಗೆ? ಒಂದು ಕಿತ ಮಾಡಿ ತೋರ್ಸು."

ವಿಮಲಾ ಒಳಗೆ ಹೋಗಿ ಒಂದು ಲೋಟ ಕಾಫಿ ತಂದು, ಅವನ ಪಕ್ಕ ಕೂತು, ಸುರ್ರೆಂದು ಎಳೆದಳು. ಬೋರಣ್ಣ ಲೋಟ ಇಸಿದುಕೊಂಡು ತಾನೂ ಎಳೆದ. ಕಾಫಿ ನೆತ್ತಿಗೇರಿ ಕೆಮ್ಮಿದ. ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕ. ಅಪ್ಪ ಮಗಳ ಆ ಸದ್ದಿಗೆ ಏರಿಯ ಮೇಲಿನ ದನವೊಂದು ತಲೆ ಎತ್ತಿ ಈ ಕಡೆ ನೋಡಿತು.